ಅಜ್ಜಿಯನ್ನು ಮರೆಸಬೇಡಿ, ಮಗಳು ನಿಮ್ಮನ್ನೂ ಹಚ್ಚಿಕೊಳ್ಳುತ್ತಾಳೆ

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮನೆ ನವನಗರದಲ್ಲಿ. ಮಗಳಿಗೆ ಈಗ 2 ವರ್ಷ 9 ತಿಂಗಳು. ಅವಳು 7 ತಿಂಗಳ ಕೂಸಿದ್ದಾಗ ನನ್ನ ರಜೆ ಮುಗಿಯಿತು. ಆಗ ಮಾವನವರು ಹಾಸಿಗೆ ಹಿಡಿದಿದ್ದರು, ಅತ್ತೆಗೆ ಅವರನ್ನು ನೋಡಿಕೊಳ್ಳೋದೇ ಸಾಕಾಗಿತ್ತು. ಹಾಗಾಗಿ ಲಕ್ಷ್ಮೇಶ್ವರದ ಹತ್ತಿರ ನನ್ನ ತವರೂರಲ್ಲಿ ನಮ್ಮವ್ವನ ಕೈಗೆ ಕೊಟ್ಟೆವು. ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ಬರುತ್ತಿದ್ದೆ. ಈಗ ಮಾವ ತೀರಿಕೊಂಡಿದ್ದಾರೆ. ಜೂನ್‌ನಲ್ಲಿ ನರ್ಸರಿಗೆ ಹಾಕೋಣ ಅಂತ ಯುಗಾದಿ ಆದ ಮೇಲೆ ಮಗಳನ್ನು ಕರೆದುಕೊಂಡು ಬಂದೆವು. ಐದು ವಾರ ಆಯಿತು. ಅವಳು ನಮ್ಮವ್ವನಿಗೆ 'ಅವ್ವ' ಅನ್ನುತ್ತಾಳೆ, ನನಗೆ 'ಅಕ್ಕಾ' ಅನ್ನುತ್ತಾಳೆ. ರಾತ್ರಿ ಎದ್ದು 'ಅವ್ವ ಬೇಕು' ಅಂತ ಅಳುತ್ತಾಳೆ, ಎತ್ತಿಕೊಂಡರೆ ನನ್ನನ್ನು ನೂಕುತ್ತಾಳೆ. ಊರಿಂದ ತಂದ ಕೌದಿ ಬಿಡೋದಿಲ್ಲ. ವಾಸನೆ ಬರುತ್ತಿತ್ತು ಅಂತ ಒಗೆದು ಹಾಕಿದೆ, ಎರಡು ತಾಸು ಅತ್ತಳು. ಮೂರು ವಾರ ಆದ ಮೇಲೆ ನಮ್ಮವ್ವ ಬಂದಳು. ಓಡಿ ಹೋಗುತ್ತಾಳೆ ಅಂದುಕೊಂಡರೆ ಅವರಪ್ಪನ ಹಿಂದೆ ಬಚ್ಚಿಟ್ಟುಕೊಂಡಳು. 'ನನ್ನ ಮರತಬಿಟ್ಟಾಳ ನೋಡು' ಅಂತ ನಮ್ಮವ್ವ ಅತ್ತಳು. ನಾನು ಕೆಲಸಕ್ಕೆ ಹೋಗುವಾಗ ಕಣ್ಣು ತಪ್ಪಿಸಿ ಹೋಗು ಅನ್ನುತ್ತಾರೆ ಅತ್ತೆ. ಎರಡು ತಿಂಗಳು ಅಜ್ಜಿ ಮುಖ ತೋರಿಸಬೇಡ, ವಿಡಿಯೊ ಕಾಲೂ ಬೇಡ, ಮರೆತ ಮೇಲೆ ತಾನೇ ನಿನ್ನ ಹಚ್ಚಿಕೊಳ್ಳುತ್ತಾಳೆ ಅನ್ನುತ್ತಾರೆ ಪಕ್ಕದ ಮನೆಯವರು. ನನ್ನ ಮಗಳು ನನ್ನ ಕೈ ತಪ್ಪಿ ಹೋದಳಾ ಮೇಡಂ?

ಉತ್ತರ: ತಂಗಿ, ಪಕ್ಕದ ಮನೆಯವರು ಹೇಳಿದ ಆ ಎರಡು ತಿಂಗಳ ಉಪಾಯವೊಂದನ್ನು ಮಾಡಬೇಡಿ. ವಿಡಿಯೊ ಕಾಲ್ ನಿಲ್ಲಿಸಿದ್ದರೆ ಇವತ್ತು ಸಂಜೆಯೇ ಮತ್ತೆ ಹಚ್ಚಿ. ಉಳಿದದ್ದು ನಿಧಾನಕ್ಕೆ ಮಾತಾಡೋಣ.

ಇಷ್ಟು ಖಡಕ್ಕಾಗಿ ಯಾಕೆ ಹೇಳುತ್ತೇನೆ ಅಂದರೆ, ಇದೇ ಸಲಹೆಯನ್ನು ಒಂದು ಕಾಲದಲ್ಲಿ ನಾನೇ ಕೊಟ್ಟಿದ್ದೆ. ಧಾರವಾಡದಲ್ಲಿ ಮಕ್ಕಳ ಸಮಾಲೋಚನೆ ಶುರು ಮಾಡಿದ ಹೊಸತು. ಹಾವೇರಿ ಕಡೆಯ ಒಂದು ಕುಟುಂಬ ಬಂದಿತ್ತು. ಮೂರು ವರ್ಷದ ಹುಡುಗ, ಆಯಿಯನ್ನು, ಅಂದರೆ ಅಜ್ಜಿಯನ್ನು, ಬಿಟ್ಟು ಒಂದು ಗಳಿಗೆ ಇರುತ್ತಿರಲಿಲ್ಲ. ಸ್ವಲ್ಪ ದಿನ ಆಯಿಯನ್ನು ದೂರ ಇಡಿ, ಸರಿಹೋಗುತ್ತಾನೆ ಅಂದೆ. ತಿಂಗಳಾದ ಮೇಲೆ ಖುಷಿಯಿಂದ ಬಂದರು. 'ಭಾಳ ಶ್ಯಾಣ್ಯಾ ಆಗ್ಯಾನ್ರೀ ಮೇಡಂ, ಅಳೋದ ಬಿಟ್ಟಾನ.' ನನಗೂ ಒಳಗೊಳಗೇ ಹೆಮ್ಮೆ. ನಾವು ಮಾತಾಡುತ್ತಿದ್ದಾಗಲೇ ಆ ಹುಡುಗ ಕುರ್ಚಿ ಹತ್ತಲು ಹೋಗಿ ಬಿದ್ದ, ಹಣೆ ಬಾತುಕೊಂಡಿತು. ಅಳಲಿಲ್ಲ. ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ. ಆಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಮೂರು ವರ್ಷದ ಕೂಸು ಬಿದ್ದಾಗ ಯಾರ ಹತ್ತಿರವೂ ಓಡಲ್ಲ ಅಂದರೆ, ಓಡಿ ಹೋಗಿ ಉಪಯೋಗವಿಲ್ಲ ಅಂತ ಅದಕ್ಕೆ ಅನಿಸಿಬಿಟ್ಟಿದೆ ಅಂತ ಅರ್ಥ. ಆಯಿಯನ್ನು ವಾಪಸ್ ಕರೆಸಿದೆವು. ಆದರೂ ಅವನು ಮತ್ತೆ ಮಕ್ಕಳ ಹಾಗೆ ಬಾಯಿ ಬಿಟ್ಟು ಅಳೋದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ನಿಮ್ಮ ಮಗಳು ಅಳುತ್ತಿದ್ದಾಳೆ, ನೂಕುತ್ತಿದ್ದಾಳೆ, 'ಅವ್ವ ಬೇಕು' ಅಂತ ಬಾಯಿಬಿಟ್ಟು ಕೇಳುತ್ತಿದ್ದಾಳೆ. ನಿಮಗೆ ಕಷ್ಟ, ಗೊತ್ತು. ನನಗೆ ಮಾತ್ರ ಅದನ್ನು ಓದಿ ಸಮಾಧಾನ ಆಯಿತು.

ಈಗ ನೋಡಿ, ನಮ್ಮ ಮಾತಿನಲ್ಲಿ 'ಕೂಸು ಅಜ್ಜಿಯನ್ನು ಹಚ್ಚಿಕೊಂಡಿದೆ' ಅನ್ನುತ್ತೇವೆ. ಹಚ್ಚಿಕೊಳ್ಳೋ ಕೆಲಸ ಕೂಸಿನದು ಅಂತ ಆ ಮಾತಲ್ಲೇ ಇದೆ. ದೊಡ್ಡವರು ಅಂಟಿಸಿದರೆ ಅಂಟೋದಲ್ಲ ಅದು. ನಾಲ್ಕೈದು ತಿಂಗಳವರೆಗೆ ಕೂಸು ಯಾರ ಕಂಕುಳಿಗಾದರೂ ಹೋಗುತ್ತದೆ, ಆರು ತಿಂಗಳು ದಾಟಿ ಏಳು ಎಂಟಕ್ಕೆ ಬಂದಾಗ ಮುಖ ಗುರುತು ಹಿಡಿದು ಹೊಸಬರನ್ನು ಕಂಡರೆ ತುಟಿ ಮುಂದೆ ಮಾಡುತ್ತದೆ, ವರ್ಷ ಒಂದೂವರೆ ವರ್ಷದ ಹೊತ್ತಿಗೆ ಹಚ್ಚಿಕೊಂಡವರು ಬಾತ್‌ರೂಮಿಗೆ ಹೋದರೂ ಬಾಗಿಲು ಬಡಿಯುತ್ತದೆ. ನೀವು ಬಿಟ್ಟು ಬಂದಾಗ ಅವಳಿಗೆ ಏಳು ತಿಂಗಳು, ಅಂದರೆ ಆ ಕೆಲಸ ಈಗಷ್ಟೇ ಶುರುವಾಗಿತ್ತು. ಕಣ್ಣೆದುರು ಯಾರಿದ್ದರು? ನಿಮ್ಮವ್ವ. ಅವರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾಳೆ ಪುಟ್ಟಿ.

(ಒಂದು ಮಾತು ಹೇಳದೇ ಇರೋಕಾಗಲ್ಲ. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ 26 ವಾರ ಅಂದರೆ ಆರು ತಿಂಗಳು, ಕೂಸು ಮುಖ ಗುರುತು ಹಿಡಿದು ಹಚ್ಚಿಕೊಳ್ಳೋಕೆ ಹೊರಟಾಗಲೇ ಸರಿಯಾಗಿ ರಜೆ ಮುಗಿಯುತ್ತದೆ. ಇದರಲ್ಲಿ ನಿಮ್ಮ ತಪ್ಪೇನಿದೆ ಹೇಳಿ.)

ಈ ವಿಷಯವನ್ನು ಶಾಸ್ತ್ರವಾಗಿ ಕಟ್ಟಿದವರು ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಬರೆದ ವರದಿಯನ್ನು ಹಿಡಿದು 'ತಾಯಿ ಇಲ್ಲದಿದ್ದರೆ ಮಗು ಹಾಳು' ಅಂತ ಎಷ್ಟೋ ಜನ ಹೆಂಗಸರನ್ನು ಹೆದರಿಸಿದರು, ಈಗಲೂ ಹೆದರಿಸುತ್ತಾರೆ. ಅವರು ಬರೆದದ್ದು ತಾಯಿ, ಇಲ್ಲವೇ ತಾಯಿಯ ಜಾಗದಲ್ಲಿ ಬಿಡದೆ ನಿಂತು ಸಾಕುವ ಒಬ್ಬರು ಬೇಕು ಅಂತ. ಆ ಎರಡನೇ ಮಾತನ್ನು ಜನ ನುಂಗಿಬಿಟ್ಟರು. ಬೌಲ್ಬಿ ಅವರ ಸ್ವಂತ ಕಥೆಯೂ ಹೀಗೇ ಇದೆ. ದೊಡ್ಡ ಮನೆತನ, ಅವ್ವನ ಮುಖ ದಿನಕ್ಕೆ ಒಂದು ತಾಸು ಕಂಡರೆ ಹೆಚ್ಚು. ಸಾಕಿದವಳು ಮನೆಯಲ್ಲಿದ್ದ ಒಬ್ಬ ದಾದಿ. ಅವರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಆ ದಾದಿ ಕೆಲಸ ಬಿಟ್ಟು ಹೋದಳು. ತಾಯಿಯನ್ನೇ ಕಳೆದುಕೊಂಡಷ್ಟು ಸಂಕಟ ಅದು ಅಂತ ಮುಂದೆ ಅವರೇ ಹೇಳಿಕೊಂಡರು. ಹೆತ್ತ ತಾಯಿ ಅದೇ ಮನೆಯಲ್ಲಿದ್ದರು, ಆದರೂ ಆ ಹುಡುಗನ ಸಂಕಟ ಕಡಿಮೆ ಆಗಲಿಲ್ಲ. ನಿಮ್ಮ ಪಕ್ಕದ ಮನೆಯವರ ಉಪಾಯ ಮಾಡಿದರೆ ನಿಮ್ಮ ಮಗಳಿಗೆ ಆಗುವುದೂ ಇದೇ. ಅವಳ ಲೆಕ್ಕದಲ್ಲಿ ಅವಳ ಅವ್ವ ಒಂದು ದಿನ ಇದ್ದಕ್ಕಿದ್ದ ಹಾಗೆ ಇಲ್ಲವಾಗುತ್ತಾಳೆ. ಆ ಖಾಲಿ ಜಾಗದಲ್ಲಿ ನೀವು ಹೋಗಿ ಕೂತರೆ, ನಿಮ್ಮನ್ನು ನಂಬೋದು ಹೇಗೆ? ನೀವೂ ಹಾಗೇ ಹೋಗಬಹುದಲ್ಲ.

ಅಜ್ಜಿ ಮೇಲಿನ ಪ್ರೀತಿ ಕಡಿಮೆ ಆದರೆ ಮಾತ್ರ ನಿಮಗೆ ಸಿಗುತ್ತದೆ ಅನ್ನೋ ಲೆಕ್ಕವೇ ತಪ್ಪು. ಶಾಫರ್ ಮತ್ತು ಎಮರ್ಸನ್ ಅಂತ ಇಬ್ಬರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ತಿಂಗಳು ತಿಂಗಳು ಮನೆಗೆ ಹೋಗಿ ನೋಡಿದರು, 1964ರಲ್ಲಿ ಬರೆದರು. ಒಂದೂವರೆ ವರ್ಷ ಆಗುವಷ್ಟರಲ್ಲಿ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದರು. ಅಪ್ಪ, ಅಜ್ಜಿ, ಅಜ್ಜ, ಅಕ್ಕ, ಕೆಲವು ಕಡೆ ಪಕ್ಕದ ಮನೆಯವರು. ಇನ್ನೊಂದು ವಿಷಯ ನೀವು ಗಮನಿಸಬೇಕು. ಯಾರು ಜಾಸ್ತಿ ಹೊತ್ತು ಮನೆಯಲ್ಲಿದ್ದರು, ಯಾರು ಉಣಿಸಿದರು ಅನ್ನೋದು ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಕೂಸು ಕರೆದಾಗ ಯಾರು ತಿರುಗಿ ನೋಡುತ್ತಿದ್ದರು, ಯಾರು ಅದರ ಜೊತೆ ಮಾತಾಡಿ ಆಡುತ್ತಿದ್ದರು, ಅವರನ್ನೇ ಅದು ಹಿಡಿದುಕೊಂಡಿತ್ತು. ದಿನಕ್ಕೆ ಮೂರು ತಾಸು ಸಿಗೋ ನಿಮ್ಮಂಥವರಿಗೆ ಇದು ಒಳ್ಳೆ ಸುದ್ದಿ ಅಲ್ವಾ?

ಹಾಗಂತ ಸಂಜೆ ಬರುವಾಗ ದಿನಾ ಕುರ್ಕುರೆ, ಚಾಕೊಲೇಟ್, ಆಟಿಗೆ ಸಾಮಾನು ತಂದು ಒಲಿಸಿಕೊಳ್ಳೋಕೆ ಹೋಗಬೇಡಿ. ಅಮೆರಿಕದ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಮಂಗದ ಮರಿಗಳ ಪ್ರಯೋಗ ಇದೆ. ತಂತಿಯ ಒಂದು ಗೊಂಬೆ ತಾಯಿ, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ ತಾಯಿ, ಹಾಲಿಲ್ಲ. ಮರಿಗಳು ಹಾಲು ಕುಡಿಯೋ ಹೊತ್ತಿಗೆ ತಂತಿಯ ಹತ್ತಿರ ಹೋಗಿ, ಮತ್ತೆ ಬಂದು ದಿನವಿಡೀ ಬಟ್ಟೆಯನ್ನೇ ಅಪ್ಪಿಕೊಂಡಿರುತ್ತಿದ್ದವು. ಹೆದರಿದರೂ ಅಲ್ಲಿಗೇ ಓಡುತ್ತಿದ್ದವು. ಆ ಮರಿಗಳನ್ನು ತಾಯಿಯಿಂದ ಕಿತ್ತು ಮಾಡಿದ ಪ್ರಯೋಗ ಅದು, ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೂ ತಿಂಡಿ ಕೊಟ್ಟವರಿಗಿಂತ ಅಪ್ಪಿಕೊಳ್ಳೋಕೆ ಸಿಕ್ಕವರು ದೊಡ್ಡವರು ಅಂತ ಅದರಿಂದ ಗೊತ್ತಾಗಿದ್ದು ನಿಜ.

ಈಗ ನಿಮ್ಮವ್ವ ಬಂದ ದಿನದ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅದೇ. ಮಗಳು ಮರೆತಿಲ್ಲ. ಟೂ ಬಿಟ್ಟಿದ್ದಾಳೆ.

1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ತೆಗೆದ ಚಿಕ್ಕ ಚಿತ್ರವೊಂದನ್ನು ವೈದ್ಯರಿಗೆ ತೋರಿಸಿದರು. 2 ವರ್ಷ 5 ತಿಂಗಳ ಹುಡುಗಿ, ಹೊಕ್ಕುಳ ಹರ್ನಿಯಾ ಆಪರೇಷನ್, 8 ದಿನ ಆಸ್ಪತ್ರೆ. ಆಗ ಅಲ್ಲಿ ಅಪ್ಪ ಅವ್ವ ಮಕ್ಕಳ ಜೊತೆ ಉಳಿಯೋ ಹಾಗಿರಲಿಲ್ಲ. ಇಂಥ ಮಕ್ಕಳನ್ನು ವರ್ಷಗಟ್ಟಲೆ ನೋಡಿದ್ದ ಅವರು ಮೂರು ಹಂತ ಗುರುತಿಸಿದ್ದರು. ಮೊದಲು ಅತ್ತು ರಂಪ ಮಾಡುತ್ತವೆ. ಆಮೇಲೆ ಮಂಕಾಗುತ್ತವೆ. ಇನ್ನೂ ದಿನ ಹೋದರೆ ಆಡುತ್ತವೆ, ಉಣ್ಣುತ್ತವೆ, ನರ್ಸುಗಳಿಗೆ ನಗು ಕೊಡುತ್ತವೆ, ಅವ್ವ ಬಂದರೆ ಮಾತ್ರ ಯಾರೋ ಬಂದರು ಅನ್ನೋ ಹಾಗೆ ಮುಖ ತಿರುಗಿಸುತ್ತವೆ. ಈ ಮೂರನೆಯದನ್ನು ಕಂಡು 'ಹೊಂದಿಕೊಂಡಿತು' ಅಂತ ಆಸ್ಪತ್ರೆಯವರು ಖುಷಿಪಡುತ್ತಿದ್ದರು, ನಾನು ಹಾವೇರಿ ಹುಡುಗನ ವಿಷಯದಲ್ಲಿ ಪಟ್ಟ ಹಾಗೆ. ಜಗಳ ಬಹಳ ವರ್ಷ ನಡೆದು, 1959ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ತಂದೆ ತಾಯಿಗೆ ತಡೆ ಇರಬಾರದು ಅಂತ ಹೇಳಿತು.

ನಿಮ್ಮ ಮಗಳು ಮೂರು ವಾರದಲ್ಲಿ ಆ ಮುಖ ತಿರುಗಿಸೋ ಕಡೆಗೆ ಸ್ವಲ್ಪ ವಾಲಿದ್ದಾಳೆ. 'ನನ್ನನ್ನು ಬಿಟ್ಟು ಎಲ್ಲಿ ಹೋಗಿದ್ದೆ' ಅಂತ ಕೇಳೋಕೆ ಅವಳಿಗೆ ಮಾತು ಸಾಲದು, ಅಪ್ಪನ ಹಿಂದೆ ನಿಂತು ಕೇಳಿದಳು. ನಿಮ್ಮವ್ವನಿಗೆ ಫೋನ್ ಮಾಡಿ ಇದನ್ನು ಹೇಳಿ, ಪಾಪ, ಅವರು ಏನೇನು ಅಂದುಕೊಂಡು ಕೂತಿದ್ದಾರೋ. ಅವರು ಅವತ್ತು ಇನ್ನೊಂದು ತಾಸು ಸುಮ್ನೆ ಅಲ್ಲೇ ಕೂತು ಶೇಂಗಾ ಬಿಡಿಸುತ್ತಲೋ ಏನೋ ಮಾಡುತ್ತ ಇದ್ದಿದ್ದರೆ, ಪುಟ್ಟಿ ಮೆಲ್ಲಗೆ ಬಂದು ತೊಡೆ ಹತ್ತುತ್ತಿದ್ದಳು. ಮುಂದಿನ ಸಲ ಹಾಗೇ ಮಾಡಲಿ. ಕೈ ಚಾಚಿ ಕರೆಯೋದು, 'ನನ್ನ ಮರತ್ಯಾ' ಅಂತ ಅಳೋದು ಬೇಡ.

ಕೌದಿ ವಿಷಯ. ಒಗೆಯಬೇಡಿ. ಗೊತ್ತು, ಅತ್ತೆ ಮನೆಯಲ್ಲಿ ವಾಸನೆ ಹೊಡೆಯೋ ಕೌದಿ ಹಾಸಿಗೆ ಮೇಲಿದ್ದರೆ ನೋಡಿದವರು ಏನಂತಾರೆ ಅನ್ನೋ ಸಂಕೋಚ ಇರುತ್ತದೆ. ಆದರೆ ನೀವು ವಾಸನೆ ಅಂದದ್ದು ಅವಳಿಗೆ ಅವ್ವನ ಮೈ. ಹಳೇ ಸೀರೆ, ಒಲೆ ಹೊಗೆ, ಕೊಬ್ಬರಿ ಎಣ್ಣೆ, ನಿಮ್ಮವ್ವನ ಎಲೆ ಅಡಿಕೆ, ಎಲ್ಲ ಸೇರಿದ ವಾಸನೆ. ಸೋಪಿನ ಪುಡಿ ಹಾಕಿ ಒಗೆದಾಗ ಎರಡು ತಾಸು ಅತ್ತಳಲ್ಲ, ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ತುಂಡು ಅವ್ವನೂ ಹೋಯಿತು ಅಂತ. ಡೊನಾಲ್ಡ್ ವಿನಿಕಾಟ್ ಅಂತ ಮಕ್ಕಳ ವೈದ್ಯರೊಬ್ಬರು ಮಕ್ಕಳು ಹಿಡಿದುಕೊಂಡು ತಿರುಗೋ ಇಂಥ ಬಟ್ಟೆ ತುಂಡು, ಗೊಂಬೆಗಳ ಬಗ್ಗೆಯೇ 1950ರ ಸುಮಾರಿಗೆ ಬರೆದಿದ್ದಾರೆ. ಅವರು ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ, ಅದು ಕೊಳೆಯಾಗಲಿ ವಾಸನೆ ಬರಲಿ, ಮಗು ತಾನೇ ಬದಲಾಯಿಸುವವರೆಗೆ ನೀವು ಬದಲಾಯಿಸಬೇಡಿ.

ನಾನಾದರೆ ಇನ್ನೂ ಒಂದು ಕೆಲಸ ಮಾಡುತ್ತೇನೆ. ನಿಮ್ಮ ಒಂದೆರಡು ಹಳೇ ಕಾಟನ್ ಸೀರೆ ಊರಿಗೆ ಕಳಿಸಿ, ನಿಮ್ಮವ್ವನ ಸೀರೆ ಜೊತೆ ಸೇರಿಸಿ ಚಿಕ್ಕದೊಂದು ಕೌದಿ ಹೊಲಿಯಲು ಹೇಳಿ. ಒಂದು ಮಗ್ಗುಲು ಅವರದು, ಒಂದು ಮಗ್ಗುಲು ನಿಮ್ಮದು. ಹಳೆಯದನ್ನು ಕಿತ್ತುಕೊಳ್ಳಬೇಡಿ, ಇದು ಅದರ ಪಕ್ಕದಲ್ಲಿ ಬಿದ್ದಿರಲಿ. ಸೂಜಿದಾರ ಹಿಡಿದು ಕೂತರೆ ನಿಮ್ಮವ್ವನ ದುಃಖಕ್ಕೂ ಒಂದು ಕೆಲಸ ಸಿಗುತ್ತದೆ.

ಇನ್ನು ಕಣ್ಣು ತಪ್ಪಿಸಿ ಹೋಗೋದು. ನಿಮ್ಮ ಅತ್ತೆ ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ. ಎರಡು ವರ್ಷ ರೋಗಿಯ ಸೇವೆ ಮಾಡಿ ಗಂಡನನ್ನು ಕಳೆದುಕೊಂಡಿದ್ದಾರೆ, ಬೆಳಿಗ್ಗೆ ಬೆಳಿಗ್ಗೆ ಅಳೋ ಕೂಸನ್ನು ಸಮಾಧಾನ ಮಾಡೋ ಶಕ್ತಿ ಎಲ್ಲಿಂದ ಬರಬೇಕು. ನೋಡದೇ ಹೋದರೆ ಕೂಸು ಅಳಲ್ಲ ಅನ್ನೋದೂ ನಿಜ, ಹತ್ತು ನಿಮಿಷದ ಮಟ್ಟಿಗೆ. ಆಮೇಲೆ ಹುಡುಕಲು ಶುರು ಮಾಡುತ್ತದೆ. ಕೋಣೆ ನೋಡುತ್ತದೆ, ಬಚ್ಚಲು ನೋಡುತ್ತದೆ. ಮರುದಿನದಿಂದ ನೀವು ಮನೆಯಲ್ಲಿದ್ದಾಗಲೂ ಸೆರಗು ಬಿಡೋದಿಲ್ಲ, ಯಾಕೆಂದರೆ ಈ ಮನೆಯಲ್ಲಿ ಜನ ಹೇಳದೇ ಮಾಯ ಆಗುತ್ತಾರೆ ಅಂತ ಅದಕ್ಕೆ ಗೊತ್ತಾಗಿದೆ. ನಿಮ್ಮ ಮಗಳ ವಿಷಯದಲ್ಲಿ ಇದು ಎರಡು ಪಟ್ಟು. ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಿಂದ ಅವಳನ್ನು ಕರೆತಂದಾಗ ನಿಮ್ಮವ್ವ ಅವಳಿಗೆ ಹೇಳಿ ಕಳಿಸಿದರಾ, ಇಲ್ಲ ನಿದ್ದೆಯಲ್ಲಿ ಕಾರು ಹತ್ತಿಸಿದಿರಾ? ನಮ್ಮ ಕಡೆ ಹೆಚ್ಚಾಗಿ ಎರಡನೆಯದೇ ಆಗುತ್ತದೆ. ಹಾಗಾಗಿದ್ದರೆ ರಾತ್ರಿ ಎದ್ದು ಅಳೋದರಲ್ಲಿ ಆಶ್ಚರ್ಯ ಏನಿದೆ. ಒಮ್ಮೆ ಕಣ್ಣು ಮುಚ್ಚಿದಾಗ ಇಡೀ ಮನೆಯೇ ಬದಲಾಗಿತ್ತು ಅವಳಿಗೆ.

ಅದಕ್ಕೆ ಹೇಳಿಯೇ ಹೋಗಿ. ಉದ್ದ ಮಾತು ಬೇಡ. ಕುಕ್ಕರುಗಾಲಲ್ಲಿ ಕೂತು, ಅವಳ ಮುಖ ನೋಡಿ, 'ನಾನು ಆಫೀಸಿಗೆ ಹೋಗಿ ಬರ್ತೀನಿ. ನೀನು ಉಂಡು, ಮಲಗಿ, ಎದ್ದು, ಅಜ್ಜಿ ಜೊತೆ ಚಹಾ ಬಿಸ್ಕತ್ತು ತಿಂದ ಮೇಲೆ ಬರ್ತೀನಿ.' ಅವಳಿಗೆ ಆರೂವರೆ ಗಂಟೆ ಅಂದರೆ ತಿಳಿಯಲ್ಲ, ಚಹಾ ಬಿಸ್ಕತ್ತು ತಿಳಿಯುತ್ತದೆ. ಟಾಟಾ ಮಾಡಿ ಎರಡು ನಿಮಿಷದಲ್ಲಿ ಹೊರಡಿ. ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ತಿರುಗಿ ನೋಡಬೇಡಿ, ಅದನ್ನು ಕಂಡು ಅವಳೂ ಹೆದರುತ್ತಾಳೆ. ಅಳುತ್ತಾಳೆ. ಅತ್ತೆ ಎತ್ತಿಕೊಂಡು 'ಹೌದವಾ, ಹೋದ್ಲು, ಸಂಜಿಕೆ ಬರ್ತಾಳ' ಅಂದರೆ ಸಾಕು. 'ಅಗೋ ಗುಬ್ಬಿ ನೋಡು' ಅಂತ ಮರೆಸೋದು ಆಮೇಲಿನ ಮಾತು. 'ಗುಮ್ಮ ಬರ್ತಾನ', 'ಅತ್ತರ ಪೊಲೀಸ್ ಹಿಡಕೊಂಡ ಹೊಕ್ಕಾನ' ಅಂತ ಮಾತ್ರ ಯಾರೂ ಹೆದರಿಸಬಾರದು. ನಮ್ಮವರಿಗೆ ಇನ್ನೊಂದು ಚಟ ಇದೆ, 'ನಿನ್ನ ಜಾತ್ರ್ಯಾಗ ತೌಡ ಕೊಟ್ಟ ತಂದಾರ' ಅಂತ ಕೂಸನ್ನು ಕಾಡಿಸಿ ನಗೋದು. ಬೇರೆ ಮಕ್ಕಳು ನಕ್ಕಾವು. ಎರಡು ಮನೆ ನೋಡಿದ ಈ ಕೂಸು ಅದನ್ನು ನಿಜ ಅಂತಲೇ ನಂಬುತ್ತದೆ.

ಸಂಜೆ ನೀವು ಬಂದಾಗ ಅವಳು ಏನು ಮಾಡುತ್ತಾಳೆ ಅನ್ನೋದನ್ನು ಗಮನಿಸಿ. ಬೆಳಿಗ್ಗೆ ಎಷ್ಟು ಅತ್ತಳು ಅನ್ನೋದಕ್ಕಿಂತ ಇದು ಮುಖ್ಯ. ಬೌಲ್ಬಿ ಜೊತೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ ಅನ್ನುವವರು 1954ರಲ್ಲಿ ಉಗಾಂಡಕ್ಕೆ ಹೋಗಿ ಕಂಪಾಲ ಸುತ್ತಲಿನ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಗಳಲ್ಲಿ ಕೂತು ನೋಡಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವರ್ಷದ ಮಕ್ಕಳಿಗೆ 20 ನಿಮಿಷದ ಒಂದು ಪರೀಕ್ಷೆ ಮಾಡಿದರು. ತಾಯಿ ಎರಡು ಸಲ ಎದ್ದು ಹೊರಗೆ ಹೋಗುತ್ತಾಳೆ, ವಾಪಸ್ ಬರುತ್ತಾಳೆ. ಹೋದಾಗ ಅತ್ತಿತಾ ಇಲ್ಲವಾ ಅನ್ನೋದರಿಂದ ಅವರಿಗೆ ಅಷ್ಟು ತಿಳಿಯಲಿಲ್ಲ, ಬಂದಾಗ ಕೂಸು ಏನು ಮಾಡಿತು ಅನ್ನೋದರಲ್ಲಿ ಎಲ್ಲ ಇತ್ತು. ನಿಮ್ಮ ಮಗಳು ದೊಡ್ಡವಳು, ಆ ಪರೀಕ್ಷೆ ಅವಳಿಗಲ್ಲ. ಆದರೂ ಸ್ಕೂಟಿ ಶಬ್ದ ಕೇಳಿ ಬಾಗಿಲ ತನಕ ಬಂದು ವಾಪಸ್ ಓಡುತ್ತಾಳಾ? ಮುರಿದ ಆಟಿಗೆ ತಂದು ತೋರಿಸುತ್ತಾಳಾ? ನೀವು ಕಂಡ ಕೂಡಲೇ ಇದ್ದಕ್ಕಿದ್ದ ಹಾಗೆ ಹಟ ಜಾಸ್ತಿ ಆಗುತ್ತದಾ? ಹಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುರುತಿಲ್ಲದವರ ಹತ್ತಿರ ಮಕ್ಕಳು ಹಟ ಮಾಡೋದಿಲ್ಲ. ಮನೆಗೆ ಬಂದ ಮೊದಲ ಅರ್ಧ ತಾಸು ಫೋನು ಚೀಲದಲ್ಲೇ ಇರಲಿ, ಅಡುಗೆಮನೆ ಕಾಯಲಿ, ನೆಲದ ಮೇಲೆ ಕೂಡಿ. ಅವಳನ್ನು ಕರೆಯಬೇಡಿ, ಸುಮ್ನೆ ಕೈಗೆ ಸಿಗುವ ಹಾಗೆ ಇರಿ.

'ಅಕ್ಕಾ' ಅನ್ನೋದರ ಬಗ್ಗೆ ನೀವು ಅತ್ತಿರಬಹುದು. ಸ್ವಲ್ಪ ನೋಡಿ, ಆ ಮನೆಯಲ್ಲಿ ನಿಮ್ಮ ತಮ್ಮ ತಂಗಿಯರು ನಿಮ್ಮನ್ನು ಏನಂತ ಕರೆಯುತ್ತಾರೆ? ನೀವು ನಿಮ್ಮ ತಾಯಿಯನ್ನು ಏನಂತ ಕರೆಯುತ್ತೀರಿ? ಕೇಳಿದ್ದನ್ನೇ ಕಲಿತಿದ್ದಾಳೆ, ಬೇರೇನೂ ಇಲ್ಲ. 'ನಾನು ಅಕ್ಕ ಅಲ್ಲ, ಅವ್ವ ಅನ್ನು' ಅಂತ ತಿದ್ದಬೇಡಿ. ಮನೆಯವರು 'ನಿಮ್ಮವ್ವ ಬಂದ್ಲು' ಅಂತ ನಿಮ್ಮ ಬಗ್ಗೆ ಮಾತಾಡಲಿ, ನಿಮ್ಮವ್ವನೇ ಫೋನಿನಲ್ಲಿ 'ನಿಮ್ಮವ್ವ ಎಲ್ಲಿ? ಆಕಿ ಕೈಯಾಗ ಫೋನ ಕೊಡು' ಅನ್ನಲಿ. ಅವರ ಬಾಯಿಂದ ಬಂದರೆ ಅವಳು ಒಪ್ಪುತ್ತಾಳೆ. ನಡುವೆ ಒಂದಷ್ಟು ದಿನ 'ಊರವ್ವ' ಮತ್ತು 'ಅವ್ವ' ಅಂತ ಇಬ್ಬರು ಅವ್ವಂದಿರು ಇರಬಹುದು. ಇರಲಿ ಬಿಡಿ.

ಈಗ ಮಾಡಬೇಕಾದ ದೊಡ್ಡ ಕೆಲಸ. ನಿಮ್ಮವ್ವನನ್ನು ಹದಿನೈದು ಇಪ್ಪತ್ತು ದಿನಕ್ಕೆ ನವನಗರಕ್ಕೆ ಕರೆಸಿಕೊಳ್ಳಿ. ಬೇಗ ಮಾಡಿ, ರೋಹಿಣಿ ಮಳೆ ಬಿದ್ದರೆ ಬಿತ್ತಿಗೆ ಶುರುವಾಗುತ್ತದೆ, ಆಮೇಲೆ ಅವರನ್ನು ಹೊಲ ಬಿಡೋದಿಲ್ಲ. ಬೀಗರ ಮನೆಯಲ್ಲಿ ಅಷ್ಟು ದಿನ ಇರೋಕೆ ಅವರಿಗೆ ಸಂಕೋಚ ಆಗಬಹುದು. ನಿಮ್ಮ ಅತ್ತೆಯೇ ಫೋನ್ ಮಾಡಿ ಕರೆದರೆ ಬಹಳ ಚೆಂದ, ಅದನ್ನು ಮಾಡಿಸೋದು ನಿಮ್ಮ ಯಜಮಾನರ ಕೆಲಸ. ಮೊದಲ ನಾಲ್ಕು ದಿನ ಎಲ್ಲ ನಿಮ್ಮವ್ವನೇ ಮಾಡಲಿ, ನೀವು ಪಕ್ಕದಲ್ಲಿರಿ. ಐದನೇ ದಿನದಿಂದ ಒಂದೊಂದೇ ಕೆಲಸ ನಿಮ್ಮ ಕೈಗೆ ಬರಲಿ. ಜಳಕದಿಂದ ಶುರು ಮಾಡಿ, ನೀರಾಟ ಅಂದರೆ ಮಕ್ಕಳು ಜಗಳ ಮರೆಯುತ್ತಾರೆ. ಆಮೇಲೆ ಜುಟ್ಟು ಕಟ್ಟೋದು. ಆಮೇಲೆ ಉಣಿಸೋದು, ಅದೂ ಅವರು ಉಣಿಸಿದ ಹಾಗೇ. ಹಾಲಲ್ಲಿ ರೊಟ್ಟಿ ಮುರಿದು ಕಲಸಿ ಕೊಡುತ್ತಿದ್ದರೆ ನೀವೂ ಅದನ್ನೇ ಮಾಡಿ, ನಿಮ್ಮ ಪುಸ್ತಕದ ರಾಗಿ ಸರಿ ಇನ್ನೊಂದು ದಿನ ನೋಡೋಣ. ಮಲಗಿಸೋದು ಕಟ್ಟಕಡೆಗೆ. ರಾತ್ರಿ ಕತ್ತಲೆಯಲ್ಲಿ ಮಕ್ಕಳು ಹಳಬರನ್ನೇ ಕೇಳುತ್ತವೆ. ಮೂವರೂ ಒಟ್ಟಿಗೆ ಮಲಗಿ, ನಡುವೆ ಅವಳು. ನಿಮ್ಮವ್ವ ಯಾವ ಜೋಗುಳ ಹಾಡುತ್ತಾರೆ, ಬೆನ್ನು ಯಾವ ಲಯದಲ್ಲಿ ತಟ್ಟುತ್ತಾರೆ, ಕಲಿತುಕೊಳ್ಳಿ. ನಿಮಗೂ ಅದೇ ಕೈ ತಟ್ಟಿದ್ದು, ಬೇಗ ಬರುತ್ತದೆ.

ಇದು ನನ್ನ ತಲೆಯಿಂದ ಬಂದ ಉಪಾಯವಲ್ಲ. ಮೇಲೆ ಹೇಳಿದೆನಲ್ಲ ರಾಬರ್ಟ್‌ಸನ್, ಅವರು ಮತ್ತು ಅವರ ಹೆಂಡತಿ ಜಾಯ್ಸ್ 1960ರ ದಶಕದ ಕೊನೆಗೆ, ತಾಯಿ ಆಸ್ಪತ್ರೆ ಸೇರಿದ ನಾಲ್ಕು ಚಿಕ್ಕ ಮಕ್ಕಳನ್ನು ಒಂದೊಂದಾಗಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಮೊದಲೇ ಕೂಸಿನ ಪರಿಚಯ ಮಾಡಿಕೊಂಡರು, ಅದರ ಆಟಿಗೆ, ಹೊದಿಕೆ ಜೊತೆಗೇ ತಂದರು, ತಾಯಿಯ ಫೋಟೊ ಇಟ್ಟು ದಿನಾ ಅವಳ ಮಾತಾಡಿದರು. ಮಕ್ಕಳಿಗೆ ಬೇಸರ ಆಯಿತು, ಆದರೆ ಕುಸಿಯಲಿಲ್ಲ. ಅದೇ ಕಾಲಕ್ಕೆ ಒಂದು ಶಿಶುಗೃಹದಲ್ಲಿ ಒಂಬತ್ತು ದಿನ ಇದ್ದ 17 ತಿಂಗಳ ಹುಡುಗನನ್ನೂ ಅವರು ನೋಡಿದರು. ನರ್ಸುಗಳು ಒಳ್ಳೆಯವರೇ, ಆದರೆ ಪಾಳಿ ಬದಲಾದ ಹಾಗೆ ಜನ ಬದಲಾಗುತ್ತಿದ್ದರು. ಕೂಸು ಒಬ್ಬೊಬ್ಬರನ್ನೇ ಹಿಡಿದುಕೊಳ್ಳೋಕೆ ನೋಡಿ ನೋಡಿ ಕೊನೆಗೆ ಕೈಬಿಟ್ಟಿತು. ಮನೆಗೆ ಹೋದ ಮೇಲೂ ತಾಯಿಯನ್ನು ದೂರ ತಳ್ಳಿತು.

ನಿಮ್ಮವ್ವ ವಾಪಸ್ ಹೋಗುವಾಗ ಹಗಲಲ್ಲಿ ಹೋಗಲಿ. ಎಲ್ಲರೂ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಿ. ಆಮೇಲೆ ಎರಡು ಮೂರು ದಿನ ಜೋರಾಗಿ ಅಳುತ್ತಾಳೆ, ಆದಷ್ಟು ರಜೆ ಹಾಕಿ ಆ ದಿನಗಳಲ್ಲಿ ನೀವೇ ಇರಿ. 'ಊರವ್ವ ಬೇಕಾ? ಹೌದು, ನನಗೂ ಬೇಕು. ಫೋನ್ ಮಾಡೋಣ ಬಾ' ಅನ್ನಿ. ಆ ಮಾತು ಹೇಳಿದ ದಿನವೇ ಎಷ್ಟೋ ಮಕ್ಕಳು ಮೊದಲ ಸಲ ತಾಯಿಯ ಹೆಗಲ ಮೇಲೆ ತಲೆ ಇಟ್ಟಿದ್ದನ್ನು ನಾನು ನೋಡಿದ್ದೇನೆ. ಇಬ್ಬರಿಗೂ ಬೇಕಾದವರು ಒಬ್ಬರೇ ಅಲ್ವಾ.

ನಿಮ್ಮ ಯಜಮಾನರ ಬಗ್ಗೆ ಪತ್ರದಲ್ಲಿ ಒಂದೇ ಸಾಲು ಇದೆ, ಮಗಳು ಅವರ ಹಿಂದೆ ಬಚ್ಚಿಟ್ಟುಕೊಂಡಳು ಅಂತ. ಅಂದರೆ ಈ ಮನೆಯಲ್ಲಿ ಅವಳಿಗೆ ಈಗಾಗಲೇ ಒಂದು ಆಸರೆ ಇದೆ! ಹೊಟ್ಟೆಕಿಚ್ಚು ಪಡಬೇಡಿ. ಸಂಜೆ ಬೈಕ್ ಮೇಲೆ ಕೂರಿಸಿಕೊಂಡು ಉಣಕಲ್ ಕೆರೆ ಕಡೆ ಹೋಗುವುದಿದ್ದರೆ ಮೂವರೂ ಹೋಗಿ.

ಜೂನ್‌ಗೆ ನರ್ಸರಿ ಬೇಡ. ಮೂರು ತಿಂಗಳಲ್ಲಿ ಮೂರನೇ ಜಾಗ, ಮತ್ತೆ ಹೊಸ ಮುಖಗಳು, ಆಗಲ್ಲ. ಡೊನೇಷನ್ ಕಟ್ಟಿದ್ದರೂ ಬೇಡ. ದಸರಾ ಆದ ಮೇಲೆ ನೋಡಿ, ಇಲ್ಲವೇ ಮುಂದಿನ ವರ್ಷ. ಅಲ್ಲಿಯವರೆಗೆ ಓಣಿಯ ಒಂದಿಬ್ಬರು ಮಕ್ಕಳು ಸಂಜೆ ಆಡೋಕೆ ಬಂದರೆ ಸಾಕು. ಈ ವಯಸ್ಸಿನವರು ಒಬ್ಬರ ಪಕ್ಕ ಒಬ್ಬರು ಕೂತು ತಮ್ಮ ತಮ್ಮ ಆಟ ಆಡುತ್ತಾರೆ, ಅದೇ ಅವರ ಗೆಳೆತನ. ಆಟಿಗೆ ಹಂಚಿಕೋ ಅಂತ ಬೈಯಬೇಡಿ.

ಏಳು ತಿಂಗಳಲ್ಲಿ ಬಿಟ್ಟು ಬಂದದ್ದರಿಂದ ಮಗಳ ಮಿದುಳಿಗೆ, ಮನಸ್ಸಿಗೆ ಏನಾದರೂ ಆಗಿರಬಹುದಾ ಅಂತ ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಿರುತ್ತೀರಿ, ನನಗೆ ಗೊತ್ತು. ರೊಮೇನಿಯಾದ ಅನಾಥಾಲಯದ ಮಕ್ಕಳ ಅಧ್ಯಯನಗಳು ಸಿಗುತ್ತವೆ, ಓದಿ ಹೆದರುತ್ತೀರಿ. ಆ ಮಕ್ಕಳಿಗೆ ಯಾರೂ ಇರಲಿಲ್ಲ. ಸಾಲು ತೊಟ್ಟಿಲು, ಪಾಳಿಯ ಆಯಾಗಳು, ಅತ್ತರೆ ಕೇಳುವವರಿಲ್ಲ. ಅಲ್ಲಿಯೂ ಎರಡು ವರ್ಷದೊಳಗೆ ಸಾಕುಮನೆ ಸಿಕ್ಕ ಮಕ್ಕಳು ಬಹಳ ಚೇತರಿಸಿಕೊಂಡವು. ನಿಮ್ಮ ಮಗಳಿಗೆ ದಿನವೂ ಒಬ್ಬರೇ ಎತ್ತಿದ್ದಾರೆ, ಒಬ್ಬರೇ ಉಣಿಸಿದ್ದಾರೆ. ಒಬ್ಬರನ್ನು ಗಟ್ಟಿಯಾಗಿ ಹಚ್ಚಿಕೊಳ್ಳಲು ಕಲಿತ ಕೂಸಿಗೆ ಎರಡನೆಯವರನ್ನು ಹಚ್ಚಿಕೊಳ್ಳೋದು ಸುಲಭ. ನಿಮ್ಮವ್ವ ನಿಮ್ಮ ಜಾಗ ಕಿತ್ತುಕೊಂಡಿಲ್ಲ, ಕಾದು ಇಟ್ಟಿದ್ದಾರೆ.

ಹೀಗೆಲ್ಲ ಮಾಡಿ ಎರಡು ಮೂರು ತಿಂಗಳಾದರೂ ಊಟ ನಿದ್ದೆ ಸುಧಾರಿಸದಿದ್ದರೆ, ತೂಕ ಇಳಿದರೆ, ಮೊದಲು ಆಡುತ್ತಿದ್ದ ಮಾತು ಕಡಿಮೆಯಾದರೆ, ಆಟವೇ ಬೇಡ ಅಂದರೆ, ಅಥವಾ ಇದಕ್ಕೆ ಉಲ್ಟಾ, ದಾರಿಯಲ್ಲಿ ಸಿಕ್ಕ ಯಾರ ಕೈ ಹಿಡಿದರೂ ತಿರುಗಿ ನೋಡದೆ ಹೊರಟುಬಿಟ್ಟರೆ, ಆಗ ತೋರಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹುಬ್ಬಳ್ಳಿಯಲ್ಲಿ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ. ಇನ್ನು ನಿಮಗೆ. ದಿನಾ ಅಳು ಬರುತ್ತಿದ್ದರೆ, ಮಗಳು ನೂಕಿದಾಗ ಇದ್ದೇನು ಉಪಯೋಗ ಅನಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಎತ್ತುತ್ತಾರೆ.

ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋಗೇ ಹೋಗುತ್ತೀರಲ್ಲ. ಮಗಳನ್ನು ಕರೆದುಕೊಂಡು ಹೋಗಿ. 'ಅಲ್ಲಿಗೆ ಹೋದರೆ ಮತ್ತೆ ಮೊದಲಿನ ಹಾಗೆ ಆಗುತ್ತಾಳೆ, ಈ ಸಲ ಬಿಟ್ಟು ಹೋಗು' ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಕೇಳಬೇಡಿ. ಜೋಕಾಲಿಯಲ್ಲಿ ನಿಮ್ಮ ತೊಡೆ ಮೇಲೆ ಕೂಡುತ್ತಾಳೋ ಊರವ್ವನ ತೊಡೆ ಮೇಲೋ, ಅವಳಿಗೇ ಬಿಡಿ. ರಾತ್ರಿ ಅವರ ಮಗ್ಗುಲಲ್ಲೇ ಮಲಗಿದರೆ ಮಲಗಲಿ. ವಾಪಸ್ ಬರುವಾಗ ಎಚ್ಚರ ಇರುವಾಗಲೇ ಹೊರಡಿ, ಕಿಟಕಿ ಪಕ್ಕ ಕೂರಿಸಿಕೊಳ್ಳಿ, ಊರವ್ವ ಕಾಣೋ ತನಕ ಟಾಟಾ ಮಾಡಲಿ. ಆಮೇಲೆ ಆ ಅಳೋ ಮುಖವನ್ನು ಎಲ್ಲಿ ಮುಚ್ಚಿಟ್ಟುಕೊಂಡಳು ಅಂತ ನನಗೊಂದು ಪತ್ರ ಹಾಕಿ.